ಹೇಳಿದ್ದನ್ನು ಹೇಳಿದ ಹಾಗೆ

ಅಲ್ಲಿಯ ನಡುರಾತ್ರಿ ಎಂದರೆ ಇಲ್ಲಿಯ ಮಧ್ಯಾಹ್ನ ಒಂದು ಗಂಟೆ. ಬೆಳಿಗ್ಗೆ ಎದ್ದಾಗಿನಿಂದ ವೆನ್ಶಿ ಇದನ್ನು ನಾಲ್ಕು ಸಲ ಬೆರಳು ಮಡಿಚಿ ಎಣಿಸಿದ್ದಳು. ನಾಲ್ಕು ಸಲವೂ ಲೆಕ್ಕ ಒಂದು ಗಂಟೆಗೇ ಬಂದು ನಿಂತಿತು. ಅಂದರೆ ಅಮೆರಿಕಕ್ಕೆ ಪತ್ರ ತಲುಪಿಸುವ ಗಡುವಿಗೆ ಇನ್ನೂ ಐದು ಗಂಟೆ ಇದೆ. ಒಂದು ಪುಟದ ಪತ್ರವನ್ನು ಹೊಸದಾಗಿ ಬರೆಯುವುದಕ್ಕೆ ಐದು ಗಂಟೆ ಬೇಕಾದಷ್ಟಾಯಿತು, ಒಂದು ಗಂಟೆಯೂ ಸಾಕು. ನೂಡಲ್ಸ್ ಅಂಗಡಿಯ ಕಿಟಕಿಯ ಮೇಲೆ ಹಬೆ ಕಟ್ಟಿ ಹೊರಗಿನ ಬೀದಿ, ಬೀದಿಯಾಚೆಯ ಬೋಳು ಗುಡ್ಡ ಎರಡೂ ಕರಗಿದ್ದವು. ಎದುರಿಗೆ ಕೂತಿದ್ದ ಚುನ್ಯಾ ತನ್ನ ಬಟ್ಟಲಿನ ಮೊಟ್ಟೆಯನ್ನು ಕಡ್ಡಿಗಳಲ್ಲಿ ಎತ್ತಿ ಕೇಳದೆಯೇ ವೆನ್ಶಿಯ ಬಟ್ಟಲಿಗೆ ಹಾಕಿದಳು. ಮೇಲೆ ತೇಲುತ್ತಿದ್ದ ಕೆಂಪು ಎಣ್ಣೆ ಒಮ್ಮೆ ಬಿರಿದು ಮತ್ತೆ ಕೂಡಿಕೊಂಡಿತು. "ತಿನ್ನು ಅಕ್ಕಾ. ನಿನಗಿವತ್ತು ಶಕ್ತಿ ಬೇಕು. ನನ್ನ ಪತ್ರ ಹೊತ್ಕೊಂಡು ಸಮುದ್ರ ದಾಟ್ಬೇಕಲ್ಲ ನೀನು" ಎಂದು ನಕ್ಕಳು. ಆಮೇಲೆ ಸ್ವರ ತಗ್ಗಿಸಿ, "ಹಾಕಿಲ್ಲ ಅಲ್ವಾ ಇನ್ನೂ?" ಎಂದಳು. "ಇನ್ನೊಂದ್ಸಲ ನೋಡಿ ಹಾಕ್ತೀನಿ" ಎಂದಳು ವೆನ್ಶಿ. ಇದು ಸುಳ್ಳಲ್ಲ. ಅವಳು ಎರಡು ದಿನಗಳಿಂದ ಆ ಪತ್ರವನ್ನು ನೋಡುತ್ತಲೇ ಇದ್ದಳು. "ನೀನು ನೋಡಿದ್ಮೇಲೆ ಮುಗೀತು ಬಿಡು" ಎಂದು ಚುನ್ಯಾ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ತಿಳಿಯನ್ನು ಕೊನೆಯ ಗುಟುಕಿನವರೆಗೂ ಕುಡಿದಳು, ತಳದ ನೀಲಿ ಗೆರೆ ಕಾಣುವವರೆಗೂ. ಮೊಟ್ಟೆ ವೆನ್ಶಿಯ ಬಾಯಲ್ಲೇ ಇತ್ತು. ಉಗುಳುವ ಹಾಗಿರಲಿಲ್ಲ, ನುಂಗಿದಳು.

ವಿದ್ಯಾರ್ಥಿಗೆ ಶಿಫಾರಸು ಪತ್ರ ಬರೆಯುವುದು ಮೇಷ್ಟ್ರ ಕೆಲಸ ಎಂದು ಅಮೆರಿಕದವರು ನಂಬಿದ್ದಾರೆ. ಚೀನಾದ ಲಾನ್‌ಝೌ ಊರಿನ ರಸಾಯನ ವಿಭಾಗದ ಈ ಏಳನೆಯ ಮಹಡಿಯಲ್ಲಿ ಅಂಥ ನಂಬಿಕೆ ಯಾರಿಗೂ ಇಲ್ಲ. "ನೀನೇ ಬರ್ಕೊಂಡು ಬಾ, ಸಹಿ ಹಾಕ್ತೀನಿ" ಎನ್ನುವುದು ಮೇಷ್ಟ್ರ ಆಶೀರ್ವಾದ. ಬೇಡವಾದವರಿಗೆ ಅವರು ಅಷ್ಟನ್ನೂ ಹೇಳುವುದಿಲ್ಲ. ಲುವಾನ್ ಮೇಷ್ಟ್ರಿಗೆ ಇಂಗ್ಲಿಷಿನಲ್ಲಿ ಸಂಯುಕ್ತಗಳ ಹೆಸರು ಬರುತ್ತಿತ್ತು, ಮನುಷ್ಯರ ಬಗ್ಗೆ ಬರೆಯಲು ಬರುತ್ತಿರಲಿಲ್ಲ. ಹಾಗಾಗಿ ನಾಲ್ಕು ವರ್ಷದ ಹಿಂದೆಯೇ ತಮ್ಮ ಇಮೇಲ್ ಅಂಚೆಪೆಟ್ಟಿಗೆಯ ಗುಪ್ತಪದವನ್ನು ಒಂದು ಚೀಟಿಯಲ್ಲಿ ಬರೆದು ವೆನ್ಶಿಯ ಕೈಗೆ ಕೊಟ್ಟಿದ್ದರು, ಮನೆಯ ಬೀಗದ ಕೈಯನ್ನು ಹಿರಿಯ ಸೊಸೆಗೆ ಕೊಡುವ ಹಾಗೆ. ಸ್ನಾತಕೋತ್ತರ ಮುಗಿದ ಮೇಲೂ ಅವಳು ಸಹಾಯಕಿಯಾಗಿ ಅಲ್ಲೇ ಉಳಿದಿದ್ದರಿಂದ ಚೀಟಿ ಅವಳಲ್ಲೇ ಉಳಿದಿತ್ತು. ಅಲ್ಲಿಂದಾಚೆ ಪರದೇಶದ ಸಂಪಾದಕರಿಗೆ, ಯಂತ್ರ ಮಾರುವವರಿಗೆ, ವಿಶ್ವವಿದ್ಯಾಲಯಗಳ ಆಯ್ಕೆ ಸಮಿತಿಗಳಿಗೆ ಲುವಾನ್ ಮೇಷ್ಟ್ರಾಗಿ ಉತ್ತರಿಸುತ್ತಿದ್ದವಳು ಅವಳೇ. ಈ ವರ್ಷ ಪಿಎಚ್‌ಡಿಗೆ ಅರ್ಜಿ ಹಾಕುವವರು ಇಬ್ಬರಿದ್ದರು. ಅವಳು, ಮತ್ತು ಅವಳಿಗಿಂತ ಎರಡು ವರ್ಷ ಕಿರಿಯಳಾದ ಚುನ್ಯಾ. ವೆನ್ಶಿ ಏಳು ಕಡೆ ಹಾಕಿದ್ದಳು. ಚುನ್ಯಾ ಒಂದೇ ಕಡೆ ಹಾಕಿದ್ದಳು, ಆ ಏಳರಲ್ಲಿ ವೆನ್ಶಿಗೆ ಎಲ್ಲಕ್ಕಿಂತ ಹೆಚ್ಚು ಬೇಕಾಗಿದ್ದ ಕಡೆ. "ನೀನಿರೋ ಕಡೆ ಸೇರಿದ್ರೆ ನಂಗೆ ದಾರಿ ತಪ್ಪಲ್ಲ ಅಕ್ಕಾ" ಎಂದಿದ್ದಳು. ಆ ವಿಭಾಗ ಇವರ ಕಾಲೇಜಿನಿಂದ ಒಂದು ವರ್ಷಕ್ಕೆ ಒಬ್ಬರಿಗಿಂತ ಹೆಚ್ಚು ಜನರನ್ನು ತೆಗೆದುಕೊಂಡದ್ದೇ ಇಲ್ಲ. ಇದು ಚುನ್ಯಾಗೆ ಗೊತ್ತಿರಲಿಲ್ಲ. ಹೇಳಬಹುದಾಗಿತ್ತು. ಹೇಳಿದರೆ ಹೆದರಿಸಿದ ಹಾಗಾಗುತ್ತದೆಂದು ಹೇಳಲಿಲ್ಲ, ಎಂದು ವೆನ್ಶಿ ಅಂದುಕೊಂಡಿದ್ದಳು.

ಪತ್ರದಲ್ಲಿ ಏನು ಬರೆಯಬೇಕೆಂದು ಚುನ್ಯಾಳೇ ಒಂದು ಚೌಕಳಿ ಹಾಳೆಯಲ್ಲಿ ತಮ್ಮ ಭಾಷೆಯಲ್ಲಿ ಬರೆದುಕೊಟ್ಟಿದ್ದಳು. ಪ್ರತಿ ಚೌಕಕ್ಕೂ ಒಂದು ಅಕ್ಷರ, ಪ್ರಾಥಮಿಕ ಶಾಲೆಯ ಮಕ್ಕಳ ಹಾಗೆ. ಇವಳು ಕಷ್ಟ ಸಹಿಸುತ್ತಾಳೆ. ಹೇಳಿದ್ದನ್ನು ಹೇಳಿದ ಹಾಗೆ ಮಾಡುತ್ತಾಳೆ. ಹೊಸವರ್ಷದ ಹಬ್ಬಕ್ಕೂ ಊರಿಗೆ ಹೋಗದೆ ಪ್ರಯೋಗ ನೋಡಿಕೊಂಡಿದ್ದಾಳೆ. ಹಿರಿಯರಿಗೆ ಎದುರಾಡುವುದಿಲ್ಲ. ಎಲ್ಲರ ಗಾಜಿನ ಪಾತ್ರೆಗಳನ್ನೂ ತೊಳೆದಿಡುತ್ತಾಳೆ. ಕಾಯಿಲೆ ಎಂದು ಒಂದು ದಿನವೂ ತಪ್ಪಿಸಿಕೊಂಡಿಲ್ಲ. ಮೇಷ್ಟ್ರ ಮಾತೇ ಇವಳಿಗೆ ದಾರಿ. ಏಳು ವಾಕ್ಯ. ಹಾಳೆಯನ್ನು ಕೊಡುವಾಗ ಅವಳ ಕಿವಿ ಕೆಂಪಾಗಿತ್ತು. "ಜಾಸ್ತಿ ಹೊಗಳ್ಕೊಂಡ್ಬಿಟ್ನಾ? ಎರಡು ಹೊಡೆದುಹಾಕು ಬೇಕಾದ್ರೆ" ಎಂದಿದ್ದಳು. ವೆನ್ಶಿ ಆ ಏಳು ವಾಕ್ಯಗಳನ್ನು ನೋಡಿದಾಗ ಮೊದಲು ಆದದ್ದು ಮರುಕವಲ್ಲ, ಗುರುತು. ಹಳೆಯ ಪೆಟ್ಟಿಗೆಯಲ್ಲಿ ತಾನು ಚಿಕ್ಕವಳಿದ್ದಾಗ ಹಾಕುತ್ತಿದ್ದ ಕೋಟು ಸಿಕ್ಕಿದ ಹಾಗೆ. ಹೋದ ವರ್ಷ ತನಗಾಗಿ ತಾನೇ ಬರೆದುಕೊಂಡ ಪತ್ರದಲ್ಲೂ ಹೆಚ್ಚುಕಡಿಮೆ ಇವೇ ಮಾತುಗಳಿದ್ದವು. ಹನ್ನೊಂದು ಕಡೆಗೆ ಕಳಿಸಿದ್ದಳು. ಹನ್ನೊಂದು ಕಡೆಯಿಂದಲೂ ಇಲ್ಲವೆಂದು ಬಂತು, ಎಲ್ಲವೂ ತುಂಬ ಮರ್ಯಾದೆಯ ಇಲ್ಲಗಳು. ಏಪ್ರಿಲ್‌ನಲ್ಲಿ, ಪರದೇಶದಲ್ಲಿ ಒಂಬತ್ತು ವರ್ಷ ಇದ್ದು ಹಿಂತಿರುಗಿದ್ದ ಝುವೋ ಮೇಡಂ ಅವಳ ಪತ್ರವನ್ನು ಮೊಗಸಾಲೆಯಲ್ಲಿ ನಿಂತು ಓದಿದರು. ಒಂದು ಕೈಯಲ್ಲಿ ಕಾಗದ, ಇನ್ನೊಂದರಲ್ಲಿ ಸುಲಿದ ಕಿತ್ತಳೆ. "ಯಾರಮ್ಮಾ ಬರೆದಿದ್ದು, ನೀನೇನಾ? ಒಂದು ಒಳ್ಳೇ ಕತ್ತೆ ಬಗ್ಗೆ ಬರೆದ ಹಾಗಿದೆ. ಹೊರುತ್ತೆ, ಒದೆಯಲ್ಲ, ಕಾಯಿಲೆ ಬೀಳಲ್ಲ. ಕತ್ತೆಗಳು ಅವರ ಹತ್ರಾನೂ ಇವೆ ಕಣಮ್ಮಾ. ಅವರು ಕೇಳೋದು, ಇವಳು ಒಂದು ದಿನವಾದ್ರೂ ಮೇಷ್ಟ್ರಿಗೆ ನೀವು ಹೇಳಿದ್ದು ತಪ್ಪು ಅಂದಿದ್ದಾಳಾ ಅಂತ." ಆ ಹೊತ್ತಿಗೆ ಮೊಗಸಾಲೆಯಲ್ಲಿ ಮೂರು ಜನ ಇದ್ದರು, ಮೂವರೂ ನಕ್ಕರು. ವೆನ್ಶಿಯೂ ನಕ್ಕಳು. ಈಗಲೂ ಕಿತ್ತಳೆ ಸುಲಿದ ವಾಸನೆ ಬಂದರೆ ಅವಳ ಮುಖ ತಾನಾಗಿ ಆ ನಗೆಗೆ ಸಿದ್ಧವಾಗುತ್ತದೆ.

ಅದಕ್ಕೇ ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಶನಿವಾರ ಸಂಜೆ ಹೋದ ವರ್ಷದ ತನ್ನ ಪತ್ರವನ್ನೇ ತೆರೆದು, ತನ್ನ ಹೆಸರು ಇದ್ದಲ್ಲೆಲ್ಲ ಚುನ್ಯಾಳ ಹೆಸರು ಹಾಕಿ, ಹಬ್ಬದ ಸಂಗತಿ ಸೇರಿಸಿ, ಇಪ್ಪತ್ತು ನಿಮಿಷದಲ್ಲಿ ಮುಗಿಸಿದ್ದಳು. ತಪ್ಪು ಎಲ್ಲಿದೆ? ಅವಳು ಬರೆದುಕೊಟ್ಟ ಒಂದು ಮಾತನ್ನೂ ಬಿಟ್ಟಿಲ್ಲ, ಒಂದನ್ನೂ ತಿರುಚಿಲ್ಲ, ಏಳಕ್ಕೆ ಏಳೂ ಇವೆ. ಯಾವ ನ್ಯಾಯಾಲಯದ ಮುಂದೆ ಬೇಕಾದರೂ ಚೌಕಳಿ ಹಾಳೆಯನ್ನೂ ಪತ್ರವನ್ನೂ ಪಕ್ಕಪಕ್ಕದಲ್ಲಿ ಇಡಬಹುದು. ನ್ಯಾಯಾಲಯ ಎಂದು ಯಾಕೆ ಯೋಚಿಸುತ್ತಿದ್ದೇನೆ ಎಂದು ಅವಳಿಗೆ ಕಸಿವಿಸಿಯಾಯಿತು. ಏಳನೆಯ ಮಹಡಿಗೆ ಮೆಟ್ಟಿಲು ಹತ್ತುತ್ತಿದ್ದಳು, ಹಿಂದೆ ಚುನ್ಯಾಳ ಹೆಜ್ಜೆ ಕೇಳುತ್ತಿತ್ತು, ಅವಳು ಎಂದೂ ಮುಂದೆ ಹತ್ತುತ್ತಿರಲಿಲ್ಲ.

ಪ್ರಯೋಗಾಲಯದಲ್ಲಿ ಕೋಣೆಯನ್ನು ಬೆಚ್ಚಗಿಡುವ ಕಾವಿನ ಕೊಳವೆಗಳು ಟಕಟಕ ಎನ್ನುತ್ತಿದ್ದವು. ಪಾಂಗ್ ಲೇ ಆಗಲೇ ಬಂದು ಗಾಜಿನ ಕಪಾಟಿನ ಮುಂದೆ ಕಾಲು ಚಾಚಿ ಕೂತಿದ್ದ. ಪರದೇಶದ ಯೋಚನೆಯೇ ಇಲ್ಲದ ನೆಮ್ಮದಿಯ ಹುಡುಗ, ಎಲ್ಲರ ಕಾಲೆಳೆಯುವುದು ಅವನ ಕಸುಬು. "ಬಂದ್ರಪ್ಪಾ ಅಮೆರಿಕದವರು! ವೆನ್ಶಿ ಅಕ್ಕಾ, ಮೇಷ್ಟ್ರ ಕೈಯೂ ನೀನೇ, ನಾಲಿಗೆಯೂ ನೀನೇ. ನನ್ನ ಬಗ್ಗೆನೂ ಒಂದು ಬರೀ, ಮಾವನ ಮನೆಗೆ ಕಳಿಸ್ತೀನಿ, ಹೆಣ್ಣು ಕೊಡ್ತಾರೆ." "ನಿನ್ನ ಬಗ್ಗೆ ನಿಜ ಬರೆದ್ರೆ ಪೊಲೀಸ್ನೋರು ಬರ್ತಾರೆ" ಎಂದಳು ಚುನ್ಯಾ, ಕೈಗವಸು ಏರಿಸಿಕೊಳ್ಳುತ್ತ. "ನೋಡಪ್ಪ, ಪತ್ರ ಇನ್ನೂ ಹೋಗಿಲ್ಲ, ಆಗ್ಲೇ ಬಾಯಿ ಬಂತು ಇವಳಿಗೆ. ಅವತ್ತು ಶುಕ್ರವಾರ ಬಂದ ಹಾಗೆ." ಪಾಂಗ್ ನಕ್ಕ, ಚುನ್ಯಾ ನಗಲಿಲ್ಲ, ತಲೆ ತಗ್ಗಿಸಿ ತನ್ನ ದ್ರಾವಣದ ಗಾಜಿನ ಬುರುಡೆಯನ್ನು ಆವಿ ತೆಗೆಯುವ ಯಂತ್ರಕ್ಕೆ ಸಿಕ್ಕಿಸಿ ಬಿಸಿನೀರಿಗೆ ಇಳಿಸಿದಳು. ಅದು ತಿರುಗತೊಡಗಿತು. ವೆನ್ಶಿ ಮೂಲೆಯ ಕಂಪ್ಯೂಟರಿನ ಮುಂದೆ ಕೂತು, ಮೇಷ್ಟ್ರ ಅಂಚೆಪೆಟ್ಟಿಗೆ ತೆರೆದಳು. ಒಂಬತ್ತೂಕಾಲು.

ಆ ಶುಕ್ರವಾರ ಮೇ ತಿಂಗಳಿನದು. ವಾರದ ಸಭೆಯಲ್ಲಿ ವೆನ್ಶಿ ತನ್ನ ಆರು ತಿಂಗಳ ಕೆಲಸವನ್ನು ಪರದೆಯ ಮೇಲೆ ತೋರಿಸುತ್ತಿದ್ದಳು, ಮೇಷ್ಟ್ರು ಕಂಡುಹಿಡಿದ ಹೊಸ ಲೋಹದ ಪುಡಿ ಎರಡು ಅಣುಗಳನ್ನು ಹೇಗೆ ಜೋಡಿಸುತ್ತದೆ ಎಂದು. ಮೇಷ್ಟ್ರು ಕಣ್ಣು ಮುಚ್ಚಿ ತಲೆದೂಗುತ್ತಿದ್ದರು, ಲೇಖನದ ಮೊದಲ ಪ್ಯಾರಾ ಆಗಲೇ ಬರೆದಾಗಿತ್ತು. ಆಗ ಹಿಂದಿನ ಸಾಲಿನಿಂದ, ಪಾತ್ರೆ ತೊಳೆದು ಒದ್ದೆಯಾದ ತೋಳನ್ನು ಮಡಿಚಿಕೊಂಡೇ, ಚುನ್ಯಾ ಎದ್ದು ನಿಂತು, "ಮೇಷ್ಟ್ರೇ, ಲೋಹ ಹಾಕದೇನೇ ಒಂದ್ಸಲ ಮಾಡಿ ನೋಡಿದೀವಾ?" ಎಂದು ಕೇಳಿದಳು. ಅಷ್ಟೇ. ಮೇಷ್ಟ್ರು ಕಣ್ಣು ತೆರೆದರು, ಅವರ ಕತ್ತು ನಿಧಾನಕ್ಕೆ ಕೆಂಪೇರಿತು. "ಕೂತ್ಕೋ" ಎಂದರು. ಒಂದು ವಾರ ಅವಳನ್ನು ಯಾರೂ ಊಟಕ್ಕೆ ಕರೆಯಲಿಲ್ಲ. ವೆನ್ಶಿ ಆ ವಾರವೆಲ್ಲ ಹಲ್ಲು ಕಚ್ಚಿಕೊಂಡಿದ್ದು, ಎಂಟನೆಯ ದಿನ ಯಾರಿಗೂ ಹೇಳದೆ ಲೋಹ ಹಾಕದೆ ಮಾಡಿ ನೋಡಿದಳು. ಅಣುಗಳು ಕೂಡಿಕೊಂಡವು. ಲೋಹ ಇದ್ದಾಗಿನಷ್ಟೇ ಚೆನ್ನಾಗಿ ಕೂಡಿಕೊಂಡವು. ಆರು ತಿಂಗಳು ಅವಳು ಸುಮ್ಮನೆ ಬೂದಿ ಹಾಕಿ ಕದಡಿದ ಹಾಗಾಯಿತು. ಆಮೇಲೆ ಅವಳು ತೋರಿಸಿದ್ದನ್ನೇ ಮೇಷ್ಟ್ರು ತಿರುಗಿಸಿ, ಲೋಹವಿಲ್ಲದ ಹೊಸ ವಿಧಾನವೆಂದು ಮೊದಲಿಗಿಂತ ದೊಡ್ಡ ಲೇಖನ ಬರೆದರು. ಅದರ ಲೇಖಕರ ಪಟ್ಟಿಯಲ್ಲಿ ಚುನ್ಯಾಳ ಹೆಸರು ಐದನೆಯದು. ಅವಳೇ ಮೇಷ್ಟ್ರ ಕೋಣೆಗೆ ಹೋಗಿ ತಲೆ ಬಾಗಿಸಿ ಕ್ಷಮೆ ಕೇಳಿ ಬಂದಿದ್ದಳಂತೆ.

ವೆನ್ಶಿಯ ಈ ವರ್ಷದ ಪತ್ರ ಭಾನುವಾರವೇ ಏಳೂ ಕಡೆಗೆ ಹೋಗಿತ್ತು. ಅದರ ಎರಡನೆಯ ಪ್ಯಾರಾದಲ್ಲಿ ಲುವಾನ್ ಮೇಷ್ಟ್ರು ಹೀಗೆ ಬರೆದಿದ್ದರು: ನಮ್ಮ ಊಹೆಯನ್ನೇ ಪ್ರಶ್ನಿಸುವ ಧೈರ್ಯ ಗೆಂಗ್ ವೆನ್ಶಿಗೆ ಇತ್ತು, ಲೋಹವಿಲ್ಲದೆ ಪ್ರಯೋಗ ಮಾಡಿ ನಾನು ತಪ್ಪೆಂದು ತೋರಿಸಿದಳು. ಬರೆಯುವಾಗ ಅವಳ ಬೆರಳುಗಳು ತಡೆಯಲಿಲ್ಲ. ಮಾಡಿ ನೋಡಿದ ಕೈ ತನ್ನದೇ ತಾನೆ, ಪ್ರಯೋಗದ ಪುಸ್ತಕದಲ್ಲಿ ಇರುವುದು ತನ್ನ ಅಕ್ಷರವೇ ತಾನೆ. ಪ್ರಶ್ನೆ ಎನ್ನುವುದು ಗಾಳಿಯಲ್ಲಿ ಹೋಗುವ ಮಾತು, ಅದನ್ನು ಯಾರು ಬರೆದಿಡುತ್ತಾರೆ? ಈಗ ಪರದೆಯ ಮೇಲೆ ಚುನ್ಯಾಳ ಪತ್ರದ ಪಕ್ಕ ಒಂದು ಖಾಲಿ ಪುಟ ತೆರೆದು, ಹೊಸದಾಗಿ ಬರೆಯಲು ಕೂತರೆ, ಬರೆಯಬೇಕಾದ್ದು ಮೊದಲು ಆ ಶುಕ್ರವಾರವೇ. ಅದನ್ನು ಬರೆದರೆ ಒಂದೇ ಸಮಿತಿಯ ಮೇಜಿನ ಮೇಲೆ ಒಬ್ಬನೇ ಮೇಷ್ಟ್ರ ಎರಡು ಪತ್ರಗಳಲ್ಲಿ ಒಂದೇ ಧೈರ್ಯ ಇಬ್ಬರು ಹುಡುಗಿಯರಿಗೆ. ಬೇರೆಯದು ಬರೆಯಬಹುದಾಗಿತ್ತು. ಕೆಟ್ಟುಹೋಯಿತೆಂದು ಎಲ್ಲರೂ ಚೆಲ್ಲಲು ಹೊರಟ ಹಳದಿ ಕೆಸರಿನಿಂದ ಚುನ್ಯಾ ಹರಳು ತೆಗೆದದ್ದು. ಯಂತ್ರ ಕೊಟ್ಟ ಅಂಕಿಯನ್ನು ನಂಬದೆ ಮೂರು ಸಲ ತೂಗಿದ್ದು. ನೆನಪುಗಳು ಒಂದರ ಹಿಂದೆ ಒಂದು ಬಂದವು, ಬೇಡವೆಂದರೂ ಬಂದವು. ಹತ್ತೂವರೆಗೆ ಮೂರು ವಾಕ್ಯಗಳಾದವು. ಒಳ್ಳೆಯ ವಾಕ್ಯಗಳು. ಓದಿದವರಿಗೆ ಈ ಹುಡುಗಿಯನ್ನು ನೋಡಬೇಕು ಅನ್ನಿಸುವಂಥವು. ವೆನ್ಶಿ ಅವನ್ನು ಓದಿದಳು, ಅವಳಿಗೂ ಹಾಗೇ ಅನ್ನಿಸಿತು, ಅಲ್ಲಿಗೇ ಕೈ ನಿಂತುಹೋಯಿತು. ತನಗೀಗ ಇಪ್ಪತ್ತಾರು. ಇನ್ನೊಂದು ವರ್ಷ ಇಲ್ಲವೆಂದು ಬಂದರೆ ಮತ್ತೆ ಅರ್ಜಿ ಹಾಕುವ ಮುಖ ಉಳಿಯುವುದಿಲ್ಲ. ಚುನ್ಯಾಗೆ ಇಪ್ಪತ್ನಾಲ್ಕು, ಅವಳಿಗೆ ಕೀಟನಾಶಕ ಕಾರ್ಖಾನೆಯ ಕೆಲಸ ಸಿಕ್ಕೇ ಇದೆ, ಜುಲೈಗೆ ಸೇರಬೇಕು. ಆ ಕಾರ್ಖಾನೆಯಿಂದ ಯಾರೂ ವಾಪಸು ಬಂದು ಅರ್ಜಿ ಹಾಕಿಲ್ಲ. ಇದನ್ನು ಯೋಚಿಸಬಾರದಿತ್ತು. ಬುರುಡೆ ತಿರುಗುವ ಸದ್ದಿನ ಆಚೆಯಿಂದ ಚುನ್ಯಾ, "ಅಕ್ಕಾ, ನಿನ್ನ ಪಾತ್ರೆಗಳೂ ಕೊಡು, ಒಟ್ಟಿಗೇ ತೊಳೀತೀನಿ" ಎಂದಳು.

ಹನ್ನೆರಡೂ ಹತ್ತಕ್ಕೆ ಲುವಾನ್ ಮೇಷ್ಟ್ರು ಚಹಾದ ಗಾಜಿನ ಸೀಸೆ ಹಿಡಿದುಕೊಂಡು ಒಳಗೆ ಬಂದರು. ಅವರು ಈ ಹೊತ್ತಿಗೆ ಬರುವವರಲ್ಲ. "ಏನಮ್ಮಾ, ಚಿಕ್ಕವಳದ್ದು ಹೋಯ್ತಾ?" "ಇಲ್ಲ ಮೇಷ್ಟ್ರೇ, ಇನ್ನೊಂದು ಸ್ವಲ್ಪ..." "ಇನ್ನೇನು ಸ್ವಲ್ಪ? ಓದು ನೋಡೋಣ. ನಾನು ಏನು ಬರೆದಿದ್ದೀನಿ ಅಂತ ನಂಗೂ ಗೊತ್ತಾಗ್ಲಿ." ತಮ್ಮ ಹಾಸ್ಯಕ್ಕೆ ತಾವೇ ನಕ್ಕು, ಸ್ಟೂಲ್ ಎಳೆದುಕೊಂಡು ಕೂತರು. ಪರದೆಯ ಮೇಲೆ ಎರಡು ಪುಟಗಳಿದ್ದವು. ಎಡಗಡೆ ತುಂಬಿದ್ದು, ಬಲಗಡೆ ಮೂರು ಸಾಲಿನದು. ಮೂರು ಸಾಲನ್ನು ಹೇಗೆ ಓದುವುದು ಎಂದು ವೆನ್ಶಿ ಎಡಗಡೆಯದನ್ನು ಓದಿದಳು, ಇಂಗ್ಲಿಷಿನಿಂದ ತಮ್ಮ ಮಾತಿಗೆ ತಿರುಗಿಸುತ್ತ, ನಿಧಾನವಾಗಿ. ಕಷ್ಟ ಸಹಿಸುತ್ತಾಳೆ. ಹೇಳಿದ್ದನ್ನು ಹೇಳಿದ ಹಾಗೆ ಮಾಡುತ್ತಾಳೆ. ಮೇಷ್ಟ್ರು ಕಣ್ಣು ಮುಚ್ಚಿ ತಲೆದೂಗಿದರು. ನೀರಿನ ನಲ್ಲಿ ನಿಂತಿತು. ಪಾಂಗ್ ಲೇ ಕೂಡ ಕಾಲು ಮಡಿಚಿ ನೇರ ಕೂತ. ಹಬ್ಬಕ್ಕೂ ಊರಿಗೆ ಹೋಗಿಲ್ಲ ಎಂಬಲ್ಲಿಗೆ ಬಂದಾಗ ಯಾರೋ ಮೂಗು ಎಳೆದುಕೊಂಡ ಸದ್ದಾಯಿತು. ವೆನ್ಶಿ ತಿರುಗಿ ನೋಡಲಿಲ್ಲ, ಓದುತ್ತ ಹೋದಳು. ಅವಳ ಸ್ವರ ಸ್ಪಷ್ಟವಾಗಿತ್ತು, ಅದೇ ಅವಳಿಗೆ ಆಶ್ಚರ್ಯ. ಮುಗಿದಾಗ ಮೇಷ್ಟ್ರು ಕಣ್ಣು ತೆರೆದರು. "ಒಬ್ಬ ವಿದ್ಯಾರ್ಥಿ ಬಗ್ಗೆ ಇದಕ್ಕಿಂತ ಹೆಚ್ಚು ಹೇಳೋಕಾಗಲ್ಲ. ನಮ್ಮ ಮೇಷ್ಟ್ರು ನನ್ನ ಬಗ್ಗೆ ಇಷ್ಟು ಹೇಳಿದ್ರೆ ನಾನು ಕಾಲಿಗೆ ಬೀಳ್ತಿದ್ದೆ" ಎಂದು, ಚುನ್ಯಾಳ ಕಡೆ ನೋಡಿ, "ಹೇಯ್, ಅಳ್ತೀಯಾ? ಅವತ್ತಿನ ಶುಕ್ರವಾರ ನಾನು ಮರೆತುಬಿಟ್ಟಿದ್ದೀನಿ, ಅದನ್ನ ಬರೆಸಿಲ್ಲ, ಹೆದರ್ಕೋಬೇಡ" ಎಂದರು. ಚುನ್ಯಾ ಎರಡೂ ಒದ್ದೆ ಕೈಗಳನ್ನು ಕೋಟಿಗೆ ಒರೆಸಿಕೊಂಡು ನಡು ಬಾಗಿಸಿದಳು. ಒಮ್ಮೆ ಮೇಷ್ಟ್ರಿಗೆ. ಅವರು ಎದ್ದು ಹೋದ ಮೇಲೆ ವೆನ್ಶಿಗೆ, ಇನ್ನೂ ಆಳವಾಗಿ.

"ನನ್ನ ಬಗ್ಗೆ ಯಾರೂ ಇಷ್ಟು ಹೇಳಿಲ್ಲ ಅಕ್ಕಾ" ಎಂದಳು. "ಬೇಡ ಚುನ್ಯಾ, ಕೇಳು..." ಎಂದು ವೆನ್ಶಿ ಶುರುಮಾಡಿದಳು. ಹನ್ನೆರಡೂವರೆ. ಇನ್ನೂ ಸಮಯವಿತ್ತು. ಕೇಳು, ಈ ಮಾತುಗಳು ಅಲ್ಲಿ ನಡೆಯುವುದಿಲ್ಲ, ಇವು ನನ್ನನ್ನು ಹನ್ನೊಂದು ಸಲ ಮುಳುಗಿಸಿವೆ. ಬಾಯಲ್ಲಿ ಮಾತು ಜೋಡಿಸಿಕೊಂಡೂ ಆಗಿತ್ತು. "ಏನಕ್ಕಾ?" ಎಂದು ಚುನ್ಯಾ ಮುಖವೆತ್ತಿದಳು. ಅತ್ತು ತೊಳೆದ ಹಾಗಿದ್ದ ಆ ಮುಖವನ್ನು ನೋಡಿ, ಇಷ್ಟು ಸಂತೋಷವನ್ನು ಹೇಗೆ ಕಿತ್ತುಕೊಳ್ಳುವುದು ಎಂದುಕೊಂಡಳು ವೆನ್ಶಿ. ಆ ಯೋಚನೆ ಎಷ್ಟು ಹೊತ್ತಿಗೆ ಸರಿಯಾಗಿ, ಎಷ್ಟು ಮೆತ್ತಗೆ ಬಂದು ಕೈಗೆ ಕೂತಿತೆಂದು ಅವಳಿಗೇ ಮೈ ಜುಮ್ಮೆಂದಿತು. "ಏನಿಲ್ಲ. ಕಣ್ಣೊರೆಸ್ಕೋ" ಎಂದಳು. ಬಲಗಡೆಯ ಮೂರು ಸಾಲುಗಳನ್ನು ಮುಚ್ಚಿದಳು. ಉಳಿಸಬೇಕೇ ಎಂದು ಯಂತ್ರ ಕೇಳಿತು, ಬೇಡವೆಂದಳು. ಪತ್ರ ಏರಿಸಿದ ಮೇಲೆ ವಿಶ್ವವಿದ್ಯಾಲಯದ ಜಾಲಪುಟ ಇನ್ನೊಂದು ಪ್ರಶ್ನೆ ಕೇಳಿತು: ನೀವು ಕಲಿಸಿದ ವಿದ್ಯಾರ್ಥಿಗಳಲ್ಲಿ ಇವರು ಎಷ್ಟನೆಯವರು? ನೂರಕ್ಕೆ ಮೊದಲ ಎರಡರಲ್ಲಿ, ಮೊದಲ ಹತ್ತರಲ್ಲಿ, ಮೊದಲ ಇಪ್ಪತ್ತೈದರಲ್ಲಿ. ಭಾನುವಾರ ತನಗೆ ಮೊದಲ ಎರಡು ಹಾಕಿದ್ದಳು. ಒಬ್ಬ ಮೇಷ್ಟ್ರಿಗೆ ಎಲ್ಲರೂ ಮೊದಲ ಎರಡರಲ್ಲೇ ಇರುವುದು ಸಾಧ್ಯವಿಲ್ಲವಲ್ಲ, ನಂಬುವುದಿಲ್ಲ ಅವರು. ಹತ್ತರ ಮುಂದೆ ಗುರುತು ಹಾಕಿದಳು. ಇಪ್ಪತ್ತೈದು ಹಾಕಲಿಲ್ಲ. ಹನ್ನೆರಡೂ ಐವತ್ತಕ್ಕೆ, ಪತ್ರ ತಲುಪಿತು, ಪ್ರೊಫೆಸರ್ ಲುವಾನ್ ಅವರಿಗೆ ವಂದನೆಗಳು ಎಂದು ಬಂತು.

"ಹೋಯ್ತು" ಎಂದಳು. ಪಾಂಗ್ ಲೇ ಖಾಲಿ ಬುರುಡೆಯನ್ನು ಕಡ್ಡಿಯಿಂದ ಬಾರಿಸಿ ಗಂಟೆ ಹೊಡೆದ. "ವಿಮಾನ ಹೊರಟಿತು! ಅಕ್ಕಂದಿರಾ, ನನ್ನ ಮರೀಬೇಡಿ!" ಒಂದು ಗಂಟೆಯಾದದ್ದು ಯಾರ ಗಮನಕ್ಕೂ ಬರಲಿಲ್ಲ, ವೆನ್ಶಿಯ ಹೊರತು. ಅವಳು ಗೋಡೆಯ ಗಡಿಯಾರದ ಸಣ್ಣ ಮುಳ್ಳನ್ನೇ ನೋಡುತ್ತಿದ್ದಳು, ದಾಟಿದ ಮೇಲೆ ಏನಾದರೂ ಆಗುತ್ತದೆಂದು. ಏನೂ ಆಗಲಿಲ್ಲ. ಕಾವಿನ ಕೊಳವೆ ಟಕಟಕ ಎಂದಿತು. ಆಗ ಚುನ್ಯಾ ಪಕ್ಕದಲ್ಲಿ ಬಂದು ನಿಂತು, "ಅಕ್ಕಾ, ಒಂದು ಕೇಳ್ಲಾ? ಬೈಬಾರದು" ಎಂದಳು. "ಅಮ್ಮನಿಗೆ ಕಳಿಸ್ಬೇಕು ಅದನ್ನ. ನಮ್ಮ ಅಕ್ಷರದಲ್ಲಿ ಬರೆದುಕೊಡ್ತೀಯಾ? ಮೇಷ್ಟ್ರು ಹೇಳಿದ ಹಾಗೇ. ನಿನ್ನ ಕೈಬರಹ ಚೆನ್ನಾಗಿದೆ, ನನ್ನದು ಕೋಳಿ ಕೆದಕಿದ ಹಾಗೆ. ಅಮ್ಮ ಪಿಷ್ಟದ ಕಾರ್ಖಾನೆಯಲ್ಲಿ ಎಲ್ಲರಿಗೂ ತೋರಿಸ್ತಾಳೆ." ಮೇಷ್ಟ್ರ ಹೆಸರು ಮೇಲೆ ಅಚ್ಚಾಗಿದ್ದ ಒಂದು ಹಾಳೆಯನ್ನು ಆಗಲೇ ಎಲ್ಲಿಂದಲೋ ತಂದಿದ್ದಳು.

ವೆನ್ಶಿ ಬರೆಯತೊಡಗಿದಳು. ಚುನ್ಯಾ ಹಿಂದೆ ಪಾತ್ರೆ ತೊಳೆಯುತ್ತಿದ್ದಳು. ಕಷ್ಟ ಸಹಿಸುತ್ತಾಳೆ, ಹೇಳಿದ್ದನ್ನು ಹೇಳಿದ ಹಾಗೆ ಮಾಡುತ್ತಾಳೆ, ಏಳು ವಾಕ್ಯಗಳೂ ಬಂದವು. ಏಳಾದ ಮೇಲೆ ಅವಳ ಲೇಖನಿ ನಿಲ್ಲಲಿಲ್ಲ. ಮೇ ತಿಂಗಳ ಒಂದು ಶುಕ್ರವಾರ ಇವಳು ಎದ್ದು ನಿಂತು, ನಮಗ್ಯಾರಿಗೂ ಹೊಳೆಯದ ಒಂದು ಪ್ರಶ್ನೆ ಕೇಳಿದಳು. ಕೇಳಿದವಳು ಇವಳೇ. ಇವಳು ಹೇಳಿದ್ದು ಸರಿ, ನಾನು ತಪ್ಪಿದ್ದೆ. ಅಲ್ಲಿ 'ನಾನು' ಎಂದರೆ ಲುವಾನ್ ಮೇಷ್ಟ್ರು. ಬರೆದು ಮುಗಿಸಿದಾಗ ಬೆನ್ನು ಬೆವತಿತ್ತು. ಇದು ಎಲ್ಲಿಗೂ ತಲುಪುವುದಿಲ್ಲ, ಯಾವ ಸಮಿತಿಯೂ ಓದುವುದಿಲ್ಲ, ಆದರೂ ಚುನ್ಯಾಳ ಅಮ್ಮನ ಮನೆಯ ಒಂದು ಗೋಡೆಯ ಮೇಲಾದರೂ ಇರುತ್ತದೆ ಎಂದುಕೊಂಡಳು. ಎದೆ ಸ್ವಲ್ಪ ಹಗುರವಾಗಲಿ ಎಂದು ಕಾದಳು.

ಚುನ್ಯಾ ತುಟಿ ಆಡಿಸುತ್ತ ಓದಿದಳು. ಕೊನೆಯ ಸಾಲುಗಳಿಗೆ ಬಂದಾಗ ಅವಳ ಕಿವಿ ಮತ್ತೆ ಕೆಂಪಾಯಿತು. ಒದ್ದೆ ಬೆರಳನ್ನು ಕಾಗದಕ್ಕೆ ತಾಗಿಸದೆ ಅದರ ಮೇಲೆ ಹಿಡಿದು, "ಅಕ್ಕಾ, ಇದು ಬೇಡ" ಎಂದಳು. "ಯಾಕೆ? ನಿಜ ತಾನೇ?" "ನಿಜ ಅಂತ ಮೇಷ್ಟ್ರ ಕೈಲಿ ತಪ್ಪು ಅಂತ ಹೇಳಿಸೋದಾ? ಇಷ್ಟು ಓದಿಸಿದ್ದು ಮೇಷ್ಟ್ರಿಗೆ ಎದುರು ಮಾತಾಡೋಕಾ ಅಂತಾಳೆ ಅಮ್ಮ. ನಾಲ್ಕು ಜನರ ಮುಂದೆ ಅವಳ ಮಾನ ಹೋಗುತ್ತೆ. ಅವರೇ ಮರೆತಿದ್ದೀನಿ ಅಂದ್ರಲ್ಲ, ನೀನ್ಯಾಕೆ ನೆನಪಿಸ್ತೀಯಾ?" ಸ್ವಲ್ಪ ತಡೆದು, ಸಮಾಧಾನ ಮಾಡುವವಳ ಹಾಗೆ, "ನಿನಗೆ ಅವತ್ತು ಎಷ್ಟು ಕಷ್ಟ ಆಯ್ತೂಂತ ಗೊತ್ತು. ಅದಕ್ಕೂ ಇವತ್ತೇ ಕ್ಷಮೆ ಕೇಳ್ತೀನಿ. ಹೊಡೆದುಹಾಕು" ಎಂದಳು. "ಹೊಡೆದುಹಾಕಿದ್ರೆ ಕಾಣುತ್ತೆ." "ಹಾಗಾದ್ರೆ ಇನ್ನೊಂದು ಹಾಳೆ ತರ್ತೀನಿ ತಾಳು."

ತಂದಳು. ವೆನ್ಶಿ ಎರಡನೆಯ ಸಲ ಬರೆದಳು, ಏಳು ವಾಕ್ಯ, ಮೊದಲಿನದಕ್ಕಿಂತ ದುಂಡಗೆ, ಒಂದು ಅಕ್ಷರವೂ ಹೆಚ್ಚಿಲ್ಲದೆ. ಚುನ್ಯಾ ಅದನ್ನು ಊದಿ ಊದಿ ಒಣಗಿಸಿ ಪುಸ್ತಕದ ನಡುವೆ ಇಟ್ಟುಕೊಂಡಳು. "ಈಗ ಸರಿಯಾಯ್ತು" ಎಂದಳು. ಮೊದಲ ಹಾಳೆಯನ್ನು ಎಸೆಯುವುದಕ್ಕೆ ಅವಳಿಗೆ ಮನಸ್ಸು ಬರಲಿಲ್ಲ, ಒಳ್ಳೆಯ ದಪ್ಪ ಕಾಗದ. ತೊಟ್ಟಿಯ ಪಕ್ಕದ ಕಟ್ಟೆಯ ಮೇಲೆ ಹಾಸಿ, ತೊಳೆದ ಬುರುಡೆಗಳನ್ನು ಒಂದೊಂದಾಗಿ ಅದರ ಮೇಲೆ ಬೋರಲು ಹಾಕತೊಡಗಿದಳು. ಮೊದಲು ವೆನ್ಶಿಯವು.